ಹೆಣಸುಟ್ಟ ಬಯಲಿನ ಮಣ್ಣು

ಬೆಳಕು ಹರಿಯುವುದಕ್ಕೆ ಸ್ವಲ್ಪ ಮುಂಚೆ ಮುದುಕನಗುಡ್ಡದ ಹುಲ್ಲುಗಾವಲಿನಲ್ಲಿ ಆರು ಸಾವಿರ ಸೂಜಿಗಳು ಒಂದೇ ಸಲ ನೆಲವನ್ನು ತಟ್ಟಿದವು. ಮೇಲೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಬೆರಳು ದಪ್ಪದ, ಮೊಳದುದ್ದದ ಆ ಸೂಜಿಗಳೆಲ್ಲ ನೆಲದೊಳಗೆ ಹೂತಿವೆ. ಹೊರಗೆ ಕಾಣುವುದು ಅಂಗಿಯ ಗುಂಡಿಯಷ್ಟು ಅಗಲದ ತಲೆ ಮಾತ್ರ. ತಟ್ಟಿದ ಸದ್ದು ಮಣ್ಣಿನೊಳಗೆ ಓಡುತ್ತದೆ. ಸಡಿಲು ಮಣ್ಣಿನಲ್ಲಿ ಮಂಕಾಗುತ್ತದೆ, ಬೇರುಗಳ ನಡುವೆ ಚೆದುರುತ್ತದೆ, ಗಟ್ಟಿ ಪದರಕ್ಕೆ ಬಡಿದು ಚುರುಕಾಗಿ ಹಿಂದಿರುಗುತ್ತದೆ. ಹೀಗೆ ಬಂದ ಸದ್ದನ್ನು ಪಕ್ಕದ ಸೂಜಿ ಕೇಳಿಸಿಕೊಳ್ಳುತ್ತದೆ. ಎಲ್ಲ ಸೂಜಿಗಳೂ ಕೇಳಿದ್ದನ್ನು ಒಟ್ಟುಗೂಡಿಸಿ ಯಂತ್ರ ನೆಲದ ಸ್ಥಿತಿಯನ್ನು ಹೇಳುತ್ತದೆ. ಜನ ಅದನ್ನು ನೆಲಗಿವಿ ಎಂದು ಕರೆಯುತ್ತಿದ್ದರು.

ಎರಡು ನಿಮಿಷದಲ್ಲಿ ಮಣ್ಣಿನ ವಿಜ್ಞಾನಿ ಡಾ. ಇಂಚರಳ ಕೈಯಲ್ಲಿದ್ದ ಗಾಜಿನ ಹಲಗೆಯ ಮೇಲೆ ಗುಡ್ಡದ ನಕ್ಷೆ ಬಣ್ಣಬಣ್ಣವಾಗಿ ಮೂಡಿತು. ಜೀವಂತ ನೆಲಕ್ಕೆ ಹಸಿರು, ಸತ್ತ ನೆಲಕ್ಕೆ ಕೆಂಪು, ನಡುವೆ ಮೂರು ದರ್ಜೆ. ಹಸಿರಿರುವ ಕಡೆ ಮಾತ್ರ ಆ ದಿನ ಕುರಿ ಮೇಯಬಹುದು. ಕೆಂಪಿನ ಗಡಿ ದಾಟಿದರೆ ಕುರಿಯ ಕೊರಳ ಪಟ್ಟಿ ಅದರ ಕಿವಿಗೆ ಸಹಿಸಲಾಗದ ಒಂದು ಕೀರಲು ಸದ್ದು ಬಿಡುತ್ತದೆ. ಕುರಿ ತಾನಾಗಿ ಹಿಂದಿರುಗುತ್ತದೆ. ಬೇಲಿಯಿಲ್ಲ, ಗಾರ್ಡುಗಳಿಲ್ಲ, ಜಗಳವಿಲ್ಲ. ಚಿತ್ರದುರ್ಗದ ಸೀಮೆಯ ಒಣಗುಡ್ಡಗಳಲ್ಲಿ ಹದಿನಾಲ್ಕು ವರ್ಷಗಳಿಂದ ಹೀಗೇ ನಡೆದಿತ್ತು.

ಇಂಚರ ನಕ್ಷೆಯ ಪಶ್ಚಿಮ ಮೂಲೆಯನ್ನು ದೊಡ್ಡದು ಮಾಡಿದಳು. ಸಾವಿರದ ನೂರು ಎಕರೆಯ ಒಂದು ಇಳಿಜಾರು. ಕಡುಕೆಂಪು. ದಾಖಲೆಯಲ್ಲಿ ಅದರ ಹೆಸರು ಹೆಣಸುಟ್ಟ ಬಯಲು. ಯಂತ್ರ ನೆಟ್ಟ ದಿನದಿಂದ ಒಂದು ದಿನವೂ ಅದು ಹಸಿರಾದದ್ದಿಲ್ಲ. ಆ ತಿಂಗಳ ಕೊನೆಗೆ ಸತ್ತ ನೆಲಗಳ ಪಟ್ಟಿ ಸರ್ಕಾರಕ್ಕೆ ಹೋಗುವುದಿತ್ತು. ಹಗಲಿನ ಬಿಸಿಲನ್ನು ಕಾದ ಉಪ್ಪಿನ ತೊಟ್ಟಿಗಳಲ್ಲಿ ಕೂಡಿಟ್ಟು ರಾತ್ರಿಗೆ ವಿದ್ಯುತ್ತಾಗಿಸುವ ಕಂಪನಿಯೊಂದಕ್ಕೆ ಆ ನೆಲ ಬೇಕಿತ್ತು. ಸತ್ತ ನೆಲವನ್ನು ಕೊಡಲು ಯಾರ ಒಪ್ಪಿಗೆಯೂ ಬೇಡ ಎಂದು ಕಾನೂನು ಹೇಳುತ್ತಿತ್ತು.

ಅವಳನ್ನು ಅಲ್ಲಿಗೆ ಕಳಿಸಿದ್ದು ಬೇರೆ ಕಾರಣಕ್ಕೆ. ಕಳೆದ ನಾಲ್ಕು ತಿಂಗಳಿಂದ ಹೆಣಸುಟ್ಟ ಬಯಲಿನ ಸೂಜಿಗಳು ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ವಿಚಿತ್ರ ಸದ್ದು ಕೇಳುತ್ತಿದ್ದವು. ಸಾವಿರಾರು ಸಣ್ಣ ಪೆಟ್ಟುಗಳು, ಮೇಲಿಂದ. ಕುರಿಗೊರಸಿನ ಸದ್ದು. ಆದರೆ ಕೊರಳ ಪಟ್ಟಿಗಳ ಪ್ರಕಾರ ಅದೇ ಹೊತ್ತಿನಲ್ಲಿ ಪಕ್ಕದ ಕುರಿಗಾಹಿಗಳ ಹಟ್ಟಿಯ ಎಲ್ಲ ಕುರಿಗಳೂ ಮೂರು ಕಿಲೋಮೀಟರು ಆಚೆ, ಹಸಿರು ತೋರುವ ಬಂಗಾರದಿಣ್ಣೆಯ ಮೇಲೆ ಮೇಯುತ್ತಿದ್ದವು. ಎರಡರಲ್ಲಿ ಒಂದು ಸುಳ್ಳು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಹುಲ್ಲುಗಾವಲು ಪ್ರಾಧಿಕಾರದ ಅಧಿಕಾರಿ ಪ್ರಣೀತ್ ನಕ್ಕು ಹೇಳಿದ್ದ. ಹಟ್ಟಿಯವರು ಮೋಸ ಮಾಡುತ್ತಿರುವುದು ಖಚಿತವಾದರೆ ಅವರ ಮೇಯಿಸುವ ಹಕ್ಕು ರದ್ದಾಗುತ್ತದೆ. ಅಷ್ಟನ್ನು ಬರೆದುಕೊಟ್ಟರೆ ಸಾಕಿತ್ತು.

ಇಂಚರ ಬಂಗಾರದಿಣ್ಣೆ ಹತ್ತಿದಾಗ ಬಿಸಿಲು ಏರಿತ್ತು. ಅಲ್ಲಿ ಮಂದೆಯಿರಲಿಲ್ಲ. ತಂಗಡಿ ಗಿಡದ ನೆರಳಿನಲ್ಲಿ ಒಂದು ಮುದಿ ಟಗರು ಮೆಲುಕು ಹಾಕುತ್ತ ಮಲಗಿತ್ತು. ಅದರ ಕೊರಳಲ್ಲಿ ಹೂಹಾರದಂತೆ ಹನ್ನೊಂದು ಪಟ್ಟಿಗಳು. ಸ್ವಲ್ಪ ಆಚೆ ಇನ್ನೊಂದು ಟಗರು, ಅದಕ್ಕೆ ಒಂಬತ್ತು. ಉಳಿದ ಪಟ್ಟಿಗಳು ಜಾಲಿ ಕೊಂಬೆಗಳಲ್ಲಿ ನೇತಾಡುತ್ತ ಗಾಳಿಗೆ ಅಲುಗುತ್ತಿದ್ದವು. ಅಷ್ಟು ಅಲುಗಿದರೆ ಸಾಕು, ಕುರಿ ನಡೆಯುತ್ತಿದೆ ಎಂದು ಯಂತ್ರ ಎಣಿಸುತ್ತದೆ.

"ಫೋಟೋ ತಕ್ಕಳ್ಳಿ ಮೇಡಂ. ಆ ಟಗರಿಗೆ ಮದುವೆಗಂಡಿನ ಕಳೆ ಬಂದೈತೆ," ಎಂದಿತು ಹಿಂದಿನಿಂದ ಒಂದು ದನಿ.

ಬಂಡೆಯ ಮೇಲೆ ಕುಳಿತಿದ್ದವನು ಹಟ್ಟಿಯ ಹಿರಿಯಳಾದ ಕ್ಯಾತಜ್ಜಿಯ ಅಳಿಯ ಜುಂಜಪ್ಪ. ಐವತ್ತರ ಹತ್ತಿರದ ಗಂಡಸು. ಓಡಿಹೋಗುವ ಪ್ರಯತ್ನವನ್ನೇನೂ ಅವನು ಮಾಡಲಿಲ್ಲ. ಅದು ಅವಳಿಗೆ ಇನ್ನಷ್ಟು ಅನುಮಾನ ಹುಟ್ಟಿಸಿತು.

"ಇದು ತಪ್ಪು ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು."

"ಮತ್ತೆ ಯಾಕೆ ಮಾಡ್ತೀರಿ?"

"ಕುರಿಗೆ ಹೊಟ್ಟೆ ಐತೆ. ಪಟ್ಟಿಗೆ ಇಲ್ಲ. ಅದಕ್ಕೆ ಪಟ್ಟೀನ ಇಲ್ಲಿ ಮೇಯಾಕೆ ಬಿಟ್ಟು ಕುರೀನ ಅಲ್ಲಿಗೆ ಹೊಡಕೊಂಡೋಯ್ತೀವಿ."

"ಅಲ್ಲಿ ಏನಿದೆ? ಅದು ಸತ್ತ ನೆಲ."

 ಜುಂಜಪ್ಪ ಕಣ್ಣು ತಪ್ಪಿಸಿ, "ಹೂಂ. ಸತ್ತ ನೆಲವೇ," ಎಂದ. ಅವನು ಅಷ್ಟು ಬೇಗ ಒಪ್ಪಿಕೊಂಡದ್ದು ಅವಳಿಗೆ ಸರಿಕಾಣಲಿಲ್ಲ.

ಅವಳು ಸುತ್ತ ನೋಡಿದಳು. ನಕ್ಷೆಯಲ್ಲಿ ಹಸಿರು ತೋರುವ ಬಂಗಾರದಿಣ್ಣೆ ಕಣ್ಣಿಗೂ ಹಸಿರೇ. ಆದರೆ ಆ ಹಸಿರೆಲ್ಲ ತಂಗಡಿ ಮತ್ತು ಜಾಲಿ. ಕುರಿ ತಂಗಡಿಗೆ ಬಾಯಿ ಹಾಕುವುದಿಲ್ಲ. ಗಿಡಗಳ ನಡುವಿನ ನೆಲ ಉಜ್ಜಿದಂತೆ ಬೋಳಾಗಿ, ಬಿಳಿಯ ಸುಣ್ಣದ ಹರಳುಗಳು ಮೇಲೆದ್ದಿದ್ದವು. ಹದಿನಾಲ್ಕು ವರ್ಷ ಎಲ್ಲ ಹಟ್ಟಿಗಳ ಕುರಿಗಳನ್ನೂ ಯಂತ್ರ ಇಲ್ಲಿಗೇ ಕಳಿಸಿತ್ತು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಈ ದಿಣ್ಣೆ ಸದಾ ಹಸಿರಾಗಿ ಕಂಡು ಯಂತ್ರದ ತೀರ್ಪಿಗೆ ಸಾಕ್ಷಿ ನುಡಿಯುತ್ತಿತ್ತು. ಆ ಹಸಿರು ಯಾವುದರದ್ದು ಎಂದು ಚಿತ್ರ ಹೇಳುವುದಿಲ್ಲ, ಯಾರೂ ಕೇಳಿರಲಿಲ್ಲ.

ಇಂಚರ ಜುಂಜಪ್ಪನಿಗೆ ಏನೂ ಹೇಳದೆ ಜೀಪಿನಿಂದ ಹಾರೆ, ಗುದ್ದಲಿ ತಂದಳು. ಮಣ್ಣಿನ ವಿಜ್ಞಾನಿಗಳು ಗುದ್ದಲಿ ಹಿಡಿದು ಬಹಳ ಕಾಲವಾಗಿತ್ತು. ಗೇಣಾಳ ಅಗೆಯುವಷ್ಟರಲ್ಲಿ ಹಾರೆ ಟಣ್ ಎಂದಿತು. ಸುಣ್ಣ ಹೆಪ್ಪುಗಟ್ಟಿ ಹಾಸುಗಲ್ಲಿನಂತಾಗಿದ್ದ ಪದರ. ಮಳೆ ಕಡಿಮೆಯಿರುವ ಸೀಮೆಯಲ್ಲಿ ನೀರು ಆಳಕ್ಕಿಳಿಯದೆ ಅರ್ಧದಾರಿಯಲ್ಲೇ ಆರಿ, ತಾನು ಕರಗಿಸಿ ತಂದ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಸಾವಿರಾರು ವರ್ಷಕ್ಕೆ ಅದು ಹೀಗಾಗುತ್ತದೆ. ಅದರ ಮೇಲೆ ಉಳಿದಿದ್ದ ಮಣ್ಣು ಬರೀ ಗರಸು. ಒಂದು ಬೇರು ಕೂಡ ಆ ಪದರವನ್ನು ದಾಟಿರಲಿಲ್ಲ.

"ಏನಾರಾ ಸಿಕ್ತಾ?" ಎಂದ ಜುಂಜಪ್ಪ.

"ಗುದ್ದಲಿ ಹೊತ್ಕೊಂಡು ನನ್ನ ಜೊತೆ ಬನ್ನಿ. ಹೆಣಸುಟ್ಟ ಬಯಲಿಗೆ."

"ಅಲ್ಲಿಗ್ಯಾಕೆ? ಸತ್ತ ನೆಲದಾಗೆ ಏನೈತೆ ನೋಡಾಕೆ?" ಅವನ ದನಿಯಲ್ಲಿ ಮೊದಲ ಸಲ ಹೆದರಿಕೆ ಕೇಳಿಸಿತು. ಆದರೂ ಗುದ್ದಲಿ ಹೆಗಲಿಗೇರಿಸಿದ.

ದೂರದಿಂದ ಹೆಣಸುಟ್ಟ ಬಯಲು ಹೆಸರಿಗೆ ತಕ್ಕಂತೆಯೇ ಇತ್ತು. ಬೂದಿ ಬಣ್ಣ. ಹತ್ತಿರ ಹೋದಾಗ ಆ ಬೂದಿ ಬಣ್ಣ ಮೊಣಕಾಲೆತ್ತರದ ಹುಲ್ಲಾಯಿತು. ವರ್ಷಗಳಿಂದ ಯಾವ ಬಾಯಿಯೂ ಮುಟ್ಟದೆ ನಿಂತಲ್ಲೇ ಒಣಗಿ, ಮತ್ತೆ ಚಿಗುರಿ, ಮತ್ತೆ ಒಣಗಿದ ಕರಡದ ಹುಲ್ಲು. ಕುರಿಗಳು ನಾಲ್ಕು ತಿಂಗಳಿಂದ ನುಗ್ಗಿದ್ದ ಕಡೆ ಮಾತ್ರ ಹಳೆಯ ಕಡ್ಡಿ ಮುರಿದು ಬುಡದಲ್ಲಿ ಎಳೆ ಹಸಿರು ಇಣುಕುತ್ತಿತ್ತು. ಮಂದೆ ಅಲ್ಲೇ ಇತ್ತು. ಕೊರಳು ಬರಿದಾದ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು.

ಅವಳು ಮೊದಲು ನೀರು ಸುರಿದು ನೋಡಿದಳು. ಮೇಲಿನ ಚಕ್ಕೆ ಗಟ್ಟಿಯಾಗಿತ್ತು, ನೀರು ನಿಂತಿತು. ಕ್ಷಣಕಾಲ ಅವಳಿಗೆ ಯಂತ್ರವೇ ಸರಿ ಎನ್ನಿಸಿ ನೆಮ್ಮದಿಯಾಯಿತು. ಅಗೆದಾಗ ಆ ನೆಮ್ಮದಿ ಹೋಯಿತು. ಎರಡು ಬೆರಳಿನ ಚಕ್ಕೆಯ ಕೆಳಗೆ ಗುದ್ದಲಿ ಸದ್ದಿಲ್ಲದೆ ಇಳಿಯಿತು. ಕಂದು ಮಣ್ಣು, ರವೆ ಉಂಡೆ ಒಡೆದ ಹಾಗೆ ಹರಳು ಹರಳಾಗಿ ಉದುರುವಂಥದ್ದು, ಮೊಳ ದಾಟಿದರೂ ಮುಗಿಯದು. ಗೆದ್ದಲು ಕೊರೆದ ಸಣ್ಣ ಓಣಿಗಳು, ಅವುಗಳೊಳಗೆ ಇಳಿದ ಬೇರುಗಳು. ಸುಣ್ಣದ ಹರಳು ಕಂಡದ್ದು ಅವಳ ಸೊಂಟದಾಳದಲ್ಲಿ, ಅದೂ ಬಿಡಿಬಿಡಿಯಾಗಿ.

ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ, ನಾದಿದಳು. ಕಾಲೇಜಿನಲ್ಲಿ ಕಲಿತದ್ದು ಕೈಯಲ್ಲಿ ಇನ್ನೂ ಉಳಿದಿತ್ತು. ಮರಳು ಹೆಚ್ಚಿದ್ದರೆ ಬೆರಳಿಗೆ ತರಿತರಿ; ಜೇಡಿ ಹೆಚ್ಚಿದ್ದರೆ ಅಂಟು; ಅವೆರಡರ ನಡುವಿನ ನುಣುಪು ಹುಡಿ ಹೆಚ್ಚಿದ್ದರೆ ಹಿಟ್ಟಿನ ಜಾರು. ಇಲ್ಲಿ ಮೂರೂ ಇದ್ದವು, ಯಾವುದೂ ಮುಂದೆ ಬರುತ್ತಿರಲಿಲ್ಲ. ಉಂಡೆ ನಿಂತಿತು. ಹೆಬ್ಬೆರಳಿಂದ ತೀಡಿದಾಗ ಒಂದು ಅಂಗುಲದ ಪಟ್ಟಿಯಾಗಿ ಮುರಿಯಿತು. ಗೋಡು ಮಣ್ಣು. ಇಂಥ ಗುಡ್ಡದ ಮೇಲೆ, ಇಷ್ಟು ಕಡಿಮೆ ಮಳೆಯಲ್ಲಿ, ನೀರನ್ನು ಹೀರಲೂ ಬಲ್ಲ, ಹಿಡಿದಿಡಲೂ ಬಲ್ಲ ಮಣ್ಣು ಇದೊಂದೇ.

ಹಾಗಾದರೆ ನೆಲಗಿವಿ ಕೆಟ್ಟಿದೆಯೇ? ಆರು ಸಾವಿರ ಸೂಜಿಗಳೂ ಒಟ್ಟಿಗೆ ಕೆಡುವುದು ಸಾಧ್ಯವಿಲ್ಲ. ಯಾರಾದರೂ ಬೇಕೆಂದೇ ಲೆಕ್ಕ ತಿರುಚಿದ್ದಾರೆಯೇ? ಕಂಪನಿಯೇ? ಪ್ರಣೀತನೇ? ಆ ಸೀಮೆಯಲ್ಲಿ ಯಾರನ್ನು ಬೇಕಾದರೂ ಅನುಮಾನಿಸಬಹುದಿತ್ತು. ಕೈಯಲ್ಲಿದ್ದ ಒದ್ದೆ ಉಂಡೆಯನ್ನು ಹಿಚುಕುತ್ತ ಅವಳು ಮಂದೆಯ ಕಡೆ ನಡೆದಳು. ಕಲ್ಲಿನ ಮೇಲೆ ಕ್ಯಾತಜ್ಜಿ ಕುಳಿತಿದ್ದಳು. ಇಂಚರ ಹದಿನಾರು ವರ್ಷದ ಹಿಂದೆ ಕಂಡಿದ್ದವಳು. ಆಗಲೇ ಅರ್ಧ ನೆರೆತಿದ್ದ ಕೂದಲು ಈಗ ಪೂರ್ತಿ ಬೆಳ್ಳಗಾಗಿತ್ತು. ಅವಳ ಪಕ್ಕದಲ್ಲಿ ಮಗಳು ಈರಮ್ಮ ಹುಟ್ಟಿ ವಾರವಾದ ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಮಾತು ಶುರುಮಾಡಲು ಬೇರೇನೂ ತೋಚದೆ ಇಂಚರ, "ಮರಿ ಎಷ್ಟು ಚೆನ್ನಾಗಿದೆ," ಎಂದಳು. ನಿಜಕ್ಕೂ ಚೆನ್ನಾಗಿತ್ತು. ಹೊಟ್ಟೆ ತುಂಬಿ, ಮೈ ಮಿರುಗಿ, ಕಣ್ಣು ಹೊಳೆಯುತ್ತಿತ್ತು.

ಈರಮ್ಮ ಥಟ್ಟನೆ ಸೆರಗನ್ನು ಮರಿಯ ಮೇಲೆಳೆದುಕೊಂಡಳು. "ಏ, ಏನ್ ಚೆಂದ ಬಿಡಕ್ಕ. ರೋಗದ ಮರಿ ಅದು. ಇವತ್ತೋ ನಾಳೆಯೋ ಸಾಯಾದು," ಎಂದು ಪಕ್ಕಕ್ಕೆ ತಿರುಗಿ ಮೂರು ಸಲ ಉಗಿದಳು. ಹೇಳುತ್ತ ಹೇಳುತ್ತಲೇ ಅವಳ ಕೈ ಮರಿಯ ಬೆನ್ನನ್ನು ನೇವರಿಸುತ್ತಿತ್ತು.

ಇಂಚರ ನಿಂತಲ್ಲೇ ನಿಂತಳು.

ನೆಲಗಿವಿ ಕಟ್ಟಿದ ಕಾಲ ಅವಳಿಗೆ ನೆನಪಾಯಿತು. ಸೂಜಿಗಳು ಸದ್ದು ಕೇಳಬಲ್ಲವಾಗಿದ್ದವು, ಆ ಸದ್ದಿನ ಅರ್ಥ ಅವುಗಳಿಗೆ ಗೊತ್ತಿರಲಿಲ್ಲ. ಕಲಿಸಬೇಕಿತ್ತು. ಮಗುವಿಗೆ ಇದು ಕಾಗೆ, ಇದು ಗುಬ್ಬಿ ಎಂದು ತೋರಿಸುವಂತೆ, ಇದು ಜೀವಂತ ನೆಲದ ಸದ್ದು, ಇದು ಸತ್ತ ನೆಲದ ಸದ್ದು ಎಂದು ಉದಾಹರಣೆ ಕೊಡಬೇಕಿತ್ತು. ಆದರೆ ಅದು ಮೂರು ವರ್ಷ ಸತತವಾಗಿ ಮಳೆ ಹೋದ ಕಾಲ. ಗುಡ್ಡದ ಮೇಲೆ ಎಲ್ಲಿಯೂ ಒಂದು ಎಸಳು ಹುಲ್ಲಿರಲಿಲ್ಲ. ಒಳ್ಳೆಯ ನೆಲಕ್ಕೂ ಕೆಟ್ಟ ನೆಲಕ್ಕೂ ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ. ಕೆಲಸ ನಿಲ್ಲಿಸುವಂತಿರಲಿಲ್ಲ. ಆಗ ಯಾರೋ ಹೇಳಿದರು, ತಲೆತಲಾಂತರದಿಂದ ಕುರಿ ಮೇಯಿಸುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಎಲ್ಲರಿಗೂ ಅದು ಬಹಳ ಒಳ್ಳೆಯ ಮಾತಾಗಿ ಕಂಡಿತು. ಇಪ್ಪತ್ತನಾಲ್ಕರ ಇಂಚರ ಹೆಗಲಿಗೆ ಚೀಲ ಹಾಕಿಕೊಂಡು, ನಾನೂರ ಹನ್ನೆರಡು ಜಾಗಗಳಲ್ಲಿ ನಿಂತು, ನಾನೂರ ಹನ್ನೆರಡು ಸಲ ಕೇಳಿದ್ದಳು: ಈ ನೆಲ ಹೇಗಿದೆ? ಈ ಗುಡ್ಡದ ಉತ್ತರಗಳಲ್ಲಿ ಹೆಚ್ಚಿನವು ಕ್ಯಾತಜ್ಜಿಯವು.

"ಅಜ್ಜಿ," ಎಂದಳು ಇಂಚರ, ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕುಳಿತು. "ನನ್ನ ಗುರುತು ಸಿಕ್ಕಿತಾ?"

"ಬರಗಾಲದಾಗೆ ಬಂದಿದ್ದ ಸಣ್ಣ ಹುಡುಗಿ. ಬಿಸಿಲಿಗೆ ತಲೆ ತಿರುಗಿ ಬಿದ್ದೆ, ಮಜ್ಜಿಗೆ ಕೊಟ್ಟಿದ್ದೆ."

"ಆವತ್ತು ಈ ಬಯಲಲ್ಲಿ ನಿಂತು ನಿಮ್ಮನ್ನ ಒಂದು ಮಾತು ಕೇಳಿದ್ದೆ."

 ಅಜ್ಜಿ ಮಂದೆಯ ಕಡೆ ನೋಡಿದಳು. 

"ನೀವು ಸತ್ತ ನೆಲ ಅಂದ್ರಿ. ನಾನು ಬರ್ಕೊಂಡೆ."

"ಅಂದೆ."

"ಯಾಕಜ್ಜಿ?"

"ಯಾಕೆ ಅಂದ್ರೆ? ನನ್ನ ದೊಡ್ಡಣ್ಣನ ಹೆಸರು ತಿಪ್ಪಯ್ಯ. ಅವನಿಗಿಂತ ಮುಂಚೆ ಎಲ್ಡು ಕೂಸು ಹೋಗಿದ್ವು. ಇವನು ಹುಟ್ಟಿದಾಗ ತಿಪ್ಪೆ ಮೇಲೆ ಮಲಗ್ಸಿ, ಕಸ ಅಂತ ಎತ್ತಿಕೊಂಡು ಬಂದ್ರು. ಎಂಬತ್ತು ವರ್ಷ ಬದುಕಿದ. ಚೆಂದದ್ದನ್ನ ಚೆಂದ ಅಂತ ಬಾಯಿಬಿಟ್ಟು ಹೇಳಿದ್ರೆ ಉಳಿತೈತಾ ತಾಯಿ? ಅದ್ರಾಗೂ ಗುರುತಿಲ್ಲದೋರು ಬುಕ್ಕು ಹಿಡಕೊಂಡು ಬಂದು ಕೇಳಿದ್ರೆ? ಈ ಬಯಲಿಗೆ ಹೆಣಸುಟ್ಟ ಬಯಲು ಅಂತ ಹೆಸರಿಟ್ಟೋರು ನಮ್ಮ ಹಿರೇರು. ಇಲ್ಲಿ ಯಾವ ಹೆಣಾನೂ ಸುಟ್ಟಿಲ್ಲ. ನಾವು ಸುಡಾದೇ ಇಲ್ಲ, ಹೂಳಾದು."

"ಬಂಗಾರದಿಣ್ಣೆ?"

ಜುಂಜಪ್ಪ ಕೆಮ್ಮಿದ. ಈರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಒಳ್ಳೇದನ್ನ ಕೆಟ್ಟದ್ದು ಅಂದ್ಮೇಲೆ ಕೆಟ್ಟದ್ದಕ್ಕೆ ಇನ್ನೇನಂತ ಅನ್ನಾದು?" ಎಂದಳು ಅಜ್ಜಿ. "ಬಂದೋರೆಲ್ಲ ಬಂಗಾರ ಹುಡುಕ್ಕೊಂಡು ಆ ಕಡೀಕೆ ಹೋಗ್ಲಿ ಅಂತ."

ಯಂತ್ರ ಚೆನ್ನಾಗಿಯೇ ಕಲಿತಿತ್ತು. ಸುಣ್ಣದ ಹಾಸಿಗೆ ಬಡಿದು ಬರುವ ಟಣ್ ಎಂಬ ಸದ್ದನ್ನು ಅದು ಜೀವದ ಸದ್ದೆಂದು ನಂಬಿತ್ತು. ಗೋಡು ಮಣ್ಣಿನಲ್ಲಿ ಸದ್ದು ಇಂಗಿ ಉಳಿಯುವ ಮೌನವನ್ನು ಸಾವೆಂದು ತಿಳಿದಿತ್ತು. ಅದರ ಮಾತು ನಂಬಿ ಕುರಿಗಳನ್ನು ತಡೆದದ್ದರಿಂದ ಒಳ್ಳೆಯ ನೆಲದ ಮೇಲೆ ಹುಲ್ಲು ನಿಂತಲ್ಲೇ ಒಣಗಿ, ಮಣ್ಣು ಚಕ್ಕೆ ಕಟ್ಟತೊಡಗಿತ್ತು. ಇನ್ನೊಂದಿಷ್ಟು ವರ್ಷ ಬಿಟ್ಟಿದ್ದರೆ ಹೆಣಸುಟ್ಟ ಬಯಲು ನಿಜವಾಗಿ ಸತ್ತು, ಯಂತ್ರದ ತಪ್ಪು ನಿಜವೇ ಆಗುತ್ತಿತ್ತು. ಇಂಚರ ಬಂದದ್ದು ಕಳ್ಳರನ್ನು ಹುಡುಕಲು. ಸತ್ತ ನೆಲ ಎಂದು ಹಾಳೆಯ ಮೇಲೆ ಬರೆದ ಕೈ ಅವಳದೇ ಆಗಿತ್ತು.

ಹತ್ತು ದಿನದ ನಂತರ ತಾಲ್ಲೂಕು ಕಚೇರಿಯಲ್ಲಿ ಸಭೆ ಸೇರಿತು. ಎರಡು ಗುಂಡಿಗಳಿಂದ ಕಡಿದ ಮಣ್ಣಿನ ಕಂಬಗಳನ್ನು ಇಂಚರ ಮರದ ಪೆಟ್ಟಿಗೆಗಳಲ್ಲಿಟ್ಟು ಮೇಜಿನ ಮೇಲೆ ಮಲಗಿಸಿದ್ದಳು. ಪ್ರಣೀತ್ ಅವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ ಕರವಸ್ತ್ರದಲ್ಲಿ ಒರೆಸಿಕೊಂಡ.

"ನಿಮ್ಮದು ಎರಡು ಗುಂಡಿ ಮೇಡಂ. ಯಂತ್ರದ್ದು ಹದಿನಾಲ್ಕು ವರ್ಷದ ಕೋಟ್ಯಂತರ ದಾಖಲೆ."

"ಎಲ್ಲಾ ಒಂದೇ ತಪ್ಪಿನ ಮೇಲೆ ನಿಂತ ದಾಖಲೆ."

"ಇರಬಹುದು. ಆದರೆ ಮೂಲ ಉತ್ತರ ಕೊಟ್ಟವರು ಅದು ತಪ್ಪು ಅಂತ ಹೇಳಬೇಕಲ್ಲ? ನಿಯಮ ಹಾಗಿದೆ. ಅದೂ ರೆಕಾರ್ಡ್ ಆಗಬೇಕು." ಅವನು ಅಜ್ಜಿಯ ಕಡೆ ತಿರುಗಿದ. "ಅಲ್ಲಮ್ಮ, ಆಗ ಸುಳ್ಳು ಹೇಳಿದೋರು ಈಗ ನಿಜ ಹೇಳ್ತೀರಿ ಅಂತ ಹೇಗೆ ನಂಬೋದು?"

ಕ್ಯಾತಜ್ಜಿ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. "ನಂಬಬ್ಯಾಡ್ರಿ ಸ್ವಾಮಿ. ನೀವು ನಂಬ್ತೀರಿ ಅಂತ ನಾವೂ ಹೇಳಿರಲಿಲ್ಲ. ಬರ್ಕೊಂಡು ಹೋಗ್ತೀರಿ, ಮರ್ತು ಬಿಡ್ತೀರಿ ಅಂದ್ಕೊಂಡಿದ್ವಿ. ಅಲ್ಲಿಗಂಟ ಎಲ್ಲಾರೂ ಹಂಗೇ ಮಾಡಿದ್ದು."

ಯಾರೋ ನಕ್ಕರು. ಪ್ರಣೀತ್ ನಗಲಿಲ್ಲ. "ಸರಿ. ಈಗ ಹೇಳಿ. ಆ ನೆಲ ಹೇಗಿದೆ?"

ಮೇಜಿನ ಮೇಲಿನ ರೆಕಾರ್ಡಿಂಗ್ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. ಜುಂಜಪ್ಪ ನೆಲ ನೋಡುತ್ತಿದ್ದ. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿ ನೋಡಿದ. ತಾನು ಅವಳಿಂದ ಏನನ್ನು ಕೇಳುತ್ತಿದ್ದೇನೆಂದು ಇಂಚರಳಿಗೆ ಆಗ ಹೊಳೆಯಿತು. ಎಂಬತ್ತು ವರ್ಷ ಬದುಕಿದ ಅಣ್ಣನ ಹೆಸರನ್ನು ಬದಲಿಸಿ ಕರೆ ಎಂದ ಹಾಗಿತ್ತು ಅದು. ಸಾಕು ಬಿಡಿ ಎನ್ನಬೇಕೆನಿಸಿತು. ಆದರೆ ಹೇಳದೆ ಹೋದರೆ ತಿಂಗಳೊಳಗೆ ಆ ಮಣ್ಣಿನ ಮೇಲೆ ಉಪ್ಪಿನ ತೊಟ್ಟಿಗಳು ಬರುತ್ತವೆ.

"ಒಳ್ಳೆ ನೆಲ," ಎಂದಳು ಕ್ಯಾತಜ್ಜಿ, ಯಾರಿಗೋ ಕೇಳಿಸಬಾರದೆಂಬಂತೆ ಮೆಲ್ಲಗೆ. "ಈ ಗುಡ್ಡದಾಗೆ ಅದ್ರಷ್ಟು ಒಳ್ಳೇದು ಇನ್ನೊಂದಿಲ್ಲ."

ಆಮೇಲೆ ಗುಮಾಸ್ತನ ಕಡೆ ಬಾಗಿ ಕೇಳಿದಳು: "ಇದನ್ನ ಆಮೇಲೆ ಅಳಿಸಾಕೆ ಬರ್ತೈತಾ?"

"ಬರಲ್ಲ ಅಜ್ಜಿ."

ಅಜ್ಜಿ ತಲೆಯಾಡಿಸಿದಳು.

ಹೆಣಸುಟ್ಟ ಬಯಲು ಸತ್ತ ನೆಲಗಳ ಪಟ್ಟಿಯಿಂದ ಹೊರಬಂತು. ನಾನೂರ ಹನ್ನೆರಡು ಜಾಗಗಳಿಗೂ ಮತ್ತೆ ಹೋಗಿ, ಮತ್ತೆ ಕೇಳಿ, ಯಂತ್ರಕ್ಕೆ ಹೊಸದಾಗಿ ಕಲಿಸಬೇಕೆಂದು ಆದೇಶವಾಯಿತು. ಕೊರಳ ಪಟ್ಟಿಗಳನ್ನು ಬಿಚ್ಚಿ ನೇತುಹಾಕಿದ ತಪ್ಪಿಗೆ ಹಟ್ಟಿಯವರಿಗೆ ಒಂದು ಎಚ್ಚರಿಕೆಯ ಪತ್ರ ಮಾತ್ರ ಸಿಕ್ಕಿತು. ಜುಂಜಪ್ಪ ಅದನ್ನು ಓದಿಸಿಕೊಂಡು, ಟಗರಿಗೂ ಒಂದು ಪ್ರತಿ ಬೇಕು, ಅದೇ ಮೊದಲ ಆರೋಪಿ ಎಂದ.

ಆದೇಶವಾದ ಹನ್ನೊಂದನೆಯ ದಿನ ಪ್ರಣೀತನ ಫೋನು ಬಂತು. ದನಿಯಲ್ಲಿ ಹಿಂದೆಂದೂ ಇಲ್ಲದ ಉತ್ಸಾಹ.

"ಮೇಡಂ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಹೊಸ ದರ್ಜೆ ಪಟ್ಟಿ ಬೇಗ ಮುಗಿಸಿ. ಅದರಲ್ಲಿ ಅತ್ಯಂತ ಜೀವಂತ ನೆಲ ಯಾವುದಿದೆಯೋ ಅದು ಮೇಲಿನವರಿಗೆ ಮೊದಲು ಬೇಕಂತೆ."

"ಯಾತಕ್ಕೆ?"

"ನಗರಗಳಲ್ಲಿ ಅಂತಸ್ತಿನ ತೋಟಗಳಿವೆಯಲ್ಲ, ಕಟ್ಟಡದೊಳಗೆ ಬೆಳೆಯೋದು. ಅಲ್ಲಿನ ಮಣ್ಣಿಗೆ ಜೀವ ಇಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಒಂದಿಷ್ಟು ಜೀವಂತ ಮಣ್ಣು ಬೆರೆಸಿದರೆ ಅದೂ ಜೀವ ಹಿಡಿಯುತ್ತಂತೆ. ಮೇಲಿನ ಒಂದು ಗೇಣು ಸಾಕು. ಕೆರೆದು ತಗೊಂಡು, ಕೆಳಗಿನದು ಕೆಳಗೇ ಬಿಡ್ತಾರೆ."

ಇಂಚರ ಫೋನು ಕೆಳಗಿಟ್ಟಳು. ಮೇಲಿನ ಆ ಒಂದು ಗೇಣು ಕಟ್ಟಲು ಈ ಗುಡ್ಡಕ್ಕೆ ಎರಡು ಸಾವಿರ ವರ್ಷವಾದರೂ ಹಿಡಿದಿರಬೇಕು. ಅಜ್ಜಿಯ ಹಿರಿಯರಿಗೆ ಹೆಪ್ಪುಮಣ್ಣಿನ ವಿಚಾರ ಗೊತ್ತಿರಲಿಲ್ಲ. ಗುರುತಿಲ್ಲದವರು ಬಂದು ಯಾವುದಾದರೊಂದು ಚೆನ್ನಾಗಿದೆಯೇ ಎಂದು ಕೇಳಿದರೆ ಮುಂದೇನಾಗುತ್ತದೆ ಎಂಬುದು ಗೊತ್ತಿತ್ತು.

ಅವಳು ಹಟ್ಟಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಬೈಯುತ್ತಾರೆಂದುಕೊಂಡಿದ್ದಳು, ಯಾರೂ ಬೈಯಲಿಲ್ಲ. ಕ್ಯಾತಜ್ಜಿ ಕುರಿ ರೊಪ್ಪದ ಮುಳ್ಳುಬೇಲಿ ಸರಿಪಡಿಸುತ್ತಿದ್ದವಳು ಕೈ ನಿಲ್ಲಿಸದೆ, "ಹೂಂ," ಎಂದಳು. ಅಷ್ಟೇ. ಆಮೇಲೆ ಇಂಚರಳ ಕಡೆ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಹೊಸ ಕಲಿಕೆಯ ಮೊದಲ ಜಾಗಕ್ಕೆ ಅವಳ ಜೊತೆ ಬಂದದ್ದು ಜುಂಜಪ್ಪ. ಹೆಣಸುಟ್ಟ ಬಯಲಿನ ನೆತ್ತಿ. ಅವಳು ಹಲಗೆಯನ್ನು ಎದೆಗವಚಿ ಹಿಡಿದು, ಹದಿನಾರು ವರ್ಷದ ಹಿಂದಿನ ಅದೇ ಪ್ರಶ್ನೆಯನ್ನು ಕೇಳಿದಳು. ಅದೇ ಪದಗಳು, ಬದಲಿಸುವಂತಿರಲಿಲ್ಲ.

"ಈ ನೆಲ ಹೇಗಿದೆ?"

ಜುಂಜಪ್ಪ ತಮಾಷೆ ಮಾಡಲಿಲ್ಲ. ಕಾಲಡಿಯ ಹುಲ್ಲನ್ನು ನೋಡಿದ, ಅವಳನ್ನು ನೋಡಿದ.

"ಹೇಳ್ತೀನಿ ಮೇಡಂ. ನಾನು ಹೇಳಿದ್ದು ನಿಮ್ಮ ಕೈಯಿಂದ ಯಾರ ಕೈಗೆ ಹೋಗ್ತೈತೆ, ಮೊದ್ಲು ಅದು ಹೇಳ್ರಿ."

ನಾನೂರ ಹನ್ನೆರಡು ಜಾಗಗಳಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಅವಳ ತಾಯಿ ಹುಡುಗಿಯಾಗಿದ್ದ ಕಾಲದಲ್ಲಿ, ಯಂತ್ರಗಳು ಇನ್ನೂ ತೊದಲುತ್ತಿದ್ದಾಗ, ಕೈಗೆ ಫೋನು ಹಿಡಿದವರು ಊರೂರಿಗೆ ಬಂದು ಗಿಡ ತೋರಿಸಿ ಇದರ ಹೆಸರೇನು, ರೋಗ ಹೇಳಿ ಇದರ ಮದ್ದೇನು, ಹಾಡು ಹೇಳಿ, ಮಾತಾಡಿ ಎನ್ನುತ್ತಿದ್ದರಂತೆ. ಜನ ಹೇಳಿದರಂತೆ. ಯಾವುದನ್ನು ನಿಜವಾಗಿ ಹೇಳಿದರು, ಯಾವುದನ್ನು ಹೆದರಿ ತಿರುಗಿಸಿ ಹೇಳಿದರು, ಯಾವ ಯಂತ್ರ ಯಾವುದನ್ನು ಕಲಿತು ಇವತ್ತಿಗೂ ಯಾರ ಬದುಕಿಗೆ ಬಣ್ಣ ಹಚ್ಚುತ್ತಿದೆ, ಅದರ ಗುರುತು ಯಾರ ಬಳಿಯೂ ಇಲ್ಲ.

"ನನಗೆ ಗೊತ್ತಿಲ್ಲ ಜುಂಜಪ್ಪ," ಎಂದಳು. "ಯಾರ ಕೈಗೆ ಬೇಕಾದರೂ ಹೋಗಬಹುದು."

"ಹಂಗಾದ್ರೆ ನಾನು ಹೇಳಾದಿಲ್ಲ. ಸುಳ್ಳೂ ಹೇಳಾದಿಲ್ಲ."

ಹಲಗೆಯ ಮೇಲೆ ಐದು ದರ್ಜೆಗಳು ಕಾಯುತ್ತಿದ್ದವು. ಒಂದನ್ನು ಒತ್ತದೆ ಯಂತ್ರ ಮುಂದಿನ ಜಾಗಕ್ಕೆ ಬಿಡುವುದಿಲ್ಲ. ಅದನ್ನು ಹಾಗೆ ಕಟ್ಟಿದವಳು ಅವಳೇ, ಬಿಚ್ಚುವುದೂ ಅವಳಿಗೆ ಗೊತ್ತಿತ್ತು. ಬಂಡೆಯ ಮೇಲೆ ಕುಳಿತು, ಜುಂಜಪ್ಪ ಎರಡು ಬೀಡಿ ಸೇದುವಷ್ಟರಲ್ಲಿ, ಆರನೆಯ ದರ್ಜೆಯೊಂದನ್ನು ಬರೆದು ಸೇರಿಸಿದಳು. ಅದರ ಹೆಸರು: ಕೇಳಿದೆವು, ಹೇಳಲಿಲ್ಲ. ಬಣ್ಣ ಕೇಳುವ ಕಡೆ ಏನನ್ನೂ ತುಂಬಲಿಲ್ಲ. ಕೊರಳ ಪಟ್ಟಿ ಸದ್ದು ಮಾಡಬೇಕೇ ಎಂದು ಕೇಳಿದ ಕಡೆ, ಬೇಡ ಎಂದು ಒತ್ತಿದಳು.

ಆ ಬಯಲಿನ ಮೂವತ್ತೆಂಟು ಜಾಗಗಳು ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬೆಳಗಿನ ಜಾವ ಆರು ಸಾವಿರ ಸೂಜಿಗಳು ತಟ್ಟಿದವು, ಕೇಳಿದವು, ನಕ್ಷೆ ಮೂಡಿತು. ಪಶ್ಚಿಮ ಮೂಲೆಯ ಸಾವಿರದ ನೂರು ಎಕರೆ, ಹಾಳೆ ಹರಿದುಹೋದ ಹಾಗೆ, ಬರಿ ಬಿಳುಪು. ಎಂಟು ಗಂಟೆಗೆ ಫೋನು ಬಡಿದುಕೊಂಡಿತು.

"ಮೇಡಂ, ಅಲ್ಲಿ ಏನೂ ಬರ್ತಾ ಇಲ್ಲ. ಸೂಜಿ ಕೆಟ್ಟಿದೆಯಾ?"

"ಸೂಜಿ ಸರಿಯಾಗಿದೆ."

"ಮತ್ತೆ ಅಲ್ಲಿ ಏನಿದೆ?"

ಅವಳು ನಿಂತಿದ್ದ ನೆತ್ತಿಯ ಕೆಳಗೆ ಮಂದೆ ಆ ಬಿಳುಪಿನೊಳಕ್ಕೆ ಇಳಿಯುತ್ತಿತ್ತು. ಪಟ್ಟಿಗಳು ಕೊರಳಲ್ಲೇ ಇದ್ದವು, ಒಂದೂ ಸದ್ದು ಮಾಡಲಿಲ್ಲ. ಮುಂದೆ ನಡೆಯುತ್ತಿದ್ದ ಈರಮ್ಮ ಬಾಗಿ ಹುಲ್ಲಿನ ಬುಡ ಮುಟ್ಟಿ, ಮಂದೆಯನ್ನು ಇವತ್ತು ಎಡಕ್ಕೆ ಬಿಡುವುದೋ ಬಲಕ್ಕೋ ಎಂದು ತಾನೇ ಯೋಚಿಸುತ್ತ ನಿಂತಳು.

"ನಿಮಗೆ ಗೊತ್ತಿರಬೇಕಲ್ಲ ಮೇಡಂ," ಎಂದ ಪ್ರಣೀತ್. "ನೀವೇ ಕೈಯಲ್ಲಿ ಮಣ್ಣು ನಾದಿ ನೋಡಿದವರು. ಹೇಳಿ, ಹೇಗಿದೆ ಆ ನೆಲ?"

ಇಂಚರ ಬಾಯಿ ತೆರೆದಳು. ಈರಮ್ಮ ಅಷ್ಟರಲ್ಲಿ ಮಂದೆಯನ್ನು ಬಲಕ್ಕೆ ತಿರುಗಿಸಿದ್ದಳು.

"ಕೇಳುತ್ತಿದೆಯಾ ಮೇಡಂ?"

"ಕೇಳುತ್ತಿದೆ," ಎಂದಳು ಇಂಚರ. ಬೇರೇನೂ ಹೇಳಲಿಲ್ಲ.